ಪೇಪರ್ ಕಟಿಂಗ್ ಫಾರ್ವರ್ಡ್ ಮಾಡುವ ಮುನ್ನ ಇ-ಪೇಪರ್ ನೋಡಿ

ವಾಟ್ಸಾಪ್‌ನಲ್ಲಿ ಪೇಪರ್ ಕಟಿಂಗ್ ಬಂದರೆ, ಮೊದಲು ಆ ಪತ್ರಿಕೆಯ ಇ-ಪೇಪರ್ ತೆರೆದು ಅದೇ ತಾರೀಕಿನ ಪುಟದಲ್ಲಿ ಸುದ್ದಿ ಇದೆಯಾ ನೋಡಿ. ಎರಡೇ ನಿಮಿಷದ ಕೆಲಸ. ಪತ್ರಿಕೆಯ ಹೆಸರು ಅಂಟಿಸಿ, ಬೇಕಾದ ತಲೆಬರಹ ಕೂರಿಸಿ ನಕಲಿ ಕಟಿಂಗ್ ಮಾಡೋದು ಯಾರಿಗೂ ಕಷ್ಟವಲ್ಲ. ಆದರೆ ಅದನ್ನು ಪತ್ರಿಕೆಯವರದೇ ಇ-ಪೇಪರ್‌ನೊಳಗೆ ತೂರಿಸೋಕೆ ಆಗಲ್ಲ. ಅಕ್ಷರಗಳನ್ನೂ ದೊಡ್ಡದು ಮಾಡಿ ನೋಡಿ: ತಲೆಬರಹದ ಅಕ್ಷರ ಒಂದು ತರಹ, ಕೆಳಗಿನ ಸುದ್ದಿಯದ್ದು ಇನ್ನೊಂದು ತರಹ ಇದ್ದರೆ, ಸುದ್ದಿಗೂ ತಲೆಬರಹಕ್ಕೂ ಸಂಬಂಧವೇ ಇಲ್ಲದಿದ್ದರೆ ಅನುಮಾನ ಪಡಿ. ಬಿಸಿಲಲ್ಲಿ ಓಡಾಡಿ ಸುದ್ದಿ ತರುವ ವರದಿಗಾರರ ಹೆಸರು ಕೆಡೋದು ಇಂಥವುಗಳಿಂದಲೇ, ಅದು ನಿಜಕ್ಕೂ ಬೇಜಾರಿನ ವಿಷಯ. ಇ-ಪೇಪರ್ ನೋಡುವ ಈ ಉಪಾಯ ಎಲ್ಲ ಸಲವೂ ಕೆಲಸ ಮಾಡಲ್ಲ. ಉದಯವಾಣಿಯ ಮಣಿಪಾಲ ಆವೃತ್ತಿಯಲ್ಲಿ ಬಂದದ್ದು ಬೆಂಗಳೂರು ಆವೃತ್ತಿಯಲ್ಲಿ ಇರಲೇಬೇಕೆಂದಿಲ್ಲ, ಹಾಗಾಗಿ ಆವೃತ್ತಿ ಬದಲಿಸಿ ನೋಡಿ. ಕೆಲವು ಇ-ಪೇಪರ್‌ಗಳಿಗೆ ಚಂದಾ ಬೇಕು, ಹಳೆಯ ಪುಟಗಳು ಸಿಗದೆಯೂ ಇರಬಹುದು. ಜಾಸ್ತಿ ತೊಂದರೆ ಕೊಡೋದು ತಾರೀಕು ಕತ್ತರಿಸಿದ ಕಟಿಂಗ್. ಸುದ್ದಿ ನಿಜವೇ ಆಗಿರುತ್ತೆ, ಆದರೆ ಎಷ್ಟೋ ವರ್ಷ ಹಳೆಯದು. ಆಗ ತಲೆಬರಹವನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿ. ಅದರಲ್ಲೂ ಸಿಗದಿದ್ದರೆ ಕಳಿಸಿದವರನ್ನೇ ಕೇಳಿ: ‘ಇದು ಯಾವತ್ತಿನ ಪೇಪರ್?’