ಬೇರು ನೀರು ಕುಡಿಯುವುದನ್ನು ನೋಡಬೇಕಾ? ಸಾಸಿವೆ ತನ್ನಿ

ಗಿಡಕ್ಕೆ ನೀರು ಅಂದರೆ ನಾವೆಲ್ಲ ಬುಡಕ್ಕೇ ಸುರಿಯುತ್ತೇವೆ, ಅಲ್ವಾ? ಬುಡದ ದಪ್ಪ ಬೇರು ಕುಡಿಯುವುದು ತೀರಾ ಕಡಿಮೆ. ಕುಡಿಯುವ ಜಾಗ ಎಳೆ ಬೇರಿನ ತುದಿಯ ಹತ್ತಿರ ಇರುತ್ತದೆ. ಅದನ್ನು ಅಡುಗೆಮನೆಯಲ್ಲೇ ನೋಡಬಹುದು.

ಮೊದಲು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ. ಕಪ್ಪು ಬಟ್ಟೆಯಾದರೆ ಬೇರು ಎದ್ದು ಕಾಣುತ್ತದೆ. ಹತ್ತು ಕಾಳು ಸಾಸಿವೆ ಉದುರಿಸಿ, ಮೇಲೆ ಗಾಜಿನ ಬಟ್ಟಲು ಕವುಚಿ. ಬಟ್ಟೆ ಒಣಗಬಾರದು, ನೀರು ನಿಲ್ಲಲೂ ಬಾರದು. ಎರಡು ಮೂರು ದಿನದಲ್ಲಿ ಬೇರಿನ ಸುತ್ತ ಬಿಳಿ ನವಿರು ಏಳುತ್ತದೆ. ಮೊದಲ ಸಲ ನಾನು ಬೂಷ್ಟು ಹಿಡಿಯಿತೆಂದು ತಟ್ಟೆ ತೊಳೆದುಬಿಟ್ಟಿದ್ದೆ! ಅದು ಬೇರುಕೂದಲು. ಒಂದೊಂದು ಕೂದಲೂ ಒಂದೊಂದು ಜೀವಕೋಶದ ಚಾಚು. ತೀರಾ ತುದಿ ಮಾತ್ರ ಬೋಳಾಗಿರುತ್ತದೆ, ಗಮನಿಸಿ.

ಯಾಕೆ ಬೋಳು? ಒಂದು ಅಲಸಂದೆ ಕಾಳನ್ನು ಮೊಳೆಸಿ. ಬೇರು ಎರಡು ಸೆಂಟಿಮೀಟರ್ ಆದಾಗ ದಾರವನ್ನು ಇಂಕಿನಲ್ಲಿ ಅದ್ದಿ, ತುದಿಯಿಂದ ಮೇಲಕ್ಕೆ 2 ಮಿ.ಮೀ.ಗೊಂದು ಗೆರೆ ಒತ್ತಿ. ಒದ್ದೆ ಬಟ್ಟೆಯಲ್ಲಿಟ್ಟು ಮಾರನೇ ದಿನ ನೋಡಿ. ತುದಿಯ ಹತ್ತಿರದ ಗೆರೆಗಳು ದೂರ ದೂರ ಸರಿದಿರುತ್ತವೆ, ಮೇಲಿನವು ಇದ್ದಲ್ಲೇ ಇರುತ್ತವೆ. ಬೇರು ಉದ್ದವಾಗುವುದು ತುದಿಯ ಹಿಂದಿನ ಆ ಸಣ್ಣ ಭಾಗದಲ್ಲಿ ಮಾತ್ರ. ಅಲ್ಲೇ ಕೂದಲಿದ್ದಿದ್ದರೆ ಮಣ್ಣಿಗೆ ಉಜ್ಜಿ ಕಿತ್ತುಹೋಗುತ್ತಿತ್ತು.

ಕೂದಲೊಳಗಿನ ರಸ ಮಣ್ಣಿನ ನೀರಿಗಿಂತ ಗಟ್ಟಿ. ಹಾಗಾಗಿ ನೀರು ತಾನಾಗಿ ಒಳಗೆ ನುಗ್ಗುತ್ತದೆ, ನೆನೆಹಾಕಿದ ಒಣದ್ರಾಕ್ಷಿ ಉಬ್ಬುವ ಹಾಗೆ. ಎಲೆಯಿಂದ ನೀರು ಆವಿಯಾದಷ್ಟೂ ಕೆಳಗಿನ ನೀರನ್ನು ಮೇಲಕ್ಕೆ ಎಳೆಯುತ್ತದೆ. ಗೊಬ್ಬರ ಜಾಸ್ತಿ ಸುರಿದರೆ ಎಲ್ಲ ಉಲ್ಟಾ. ಉಪ್ಪು ಸವರಿದ ಮಾವಿನ ಹೋಳು ನೀರು ಬಿಡುವುದಿಲ್ಲವೇ? ಬೇರಿನ ಗತಿಯೂ ಅದೇ.

ಅಮೆರಿಕದ ಡಿಟ್ಮರ್ ಎಂಬ ವಿಜ್ಞಾನಿ 1937ರಲ್ಲಿ ರೈ ಎಂಬ ಗೋಧಿಯಂಥ ಧಾನ್ಯದ ನಾಲ್ಕು ತಿಂಗಳ ಒಂದೇ ಒಂದು ಗಿಡದ ಬೇರುಗಳ ಲೆಕ್ಕ ಹಾಕಿದ್ದರು. ಎಲ್ಲ ಬೇರು ಸೇರಿಸಿದರೆ 600 ಕಿ.ಮೀ. ದಾಟಿತ್ತು. ಕೂದಲುಗಳನ್ನು ಜೋಡಿಸಿದರೆ 10,000 ಕಿ.ಮೀ.ಗೂ ಹೆಚ್ಚು!

ಸಸಿ ಕಿತ್ತು ನೆಟ್ಟಾಗ ಬಾಡುವುದು ಈ ಕೂದಲು ಹರಿದುಹೋಗಿದ್ದಕ್ಕೆ. ಸಂಜೆ ಹೊತ್ತು, ಬೇರಿನ ಮಣ್ಣು ಉದುರದಂತೆ ಎತ್ತಿ ನೆಡಿ. ಕುಂಡದಲ್ಲಿ ನೀರು ನಿಲ್ಲಿಸಬೇಡಿ, ಬೇರಿಗೆ ಗಾಳಿಯೂ ಬೇಕು. ಮಾವಿನಂಥ ಮರವಾದರೆ ಬುಡ ಬಿಟ್ಟು, ಕೊಂಬೆಗಳು ಚಾಚಿದ ಅಂಚಿನ ಕೆಳಗೆ ಸುತ್ತಲೂ ಪಾತಿ ಮಾಡಿ ನೀರು ಹಾಯಿಸಿ.