ದಾಳಿ ಬಿಟ್ಟೆ, ಮರುಭೇಟಿ ಹಿಡಿದೆ: ನನ್ನ ಅನುಭವ

ನೋಟಿಸ್‌ಗೆಲ್ಲ ಯಾರೂ ಬಗ್ಗಲ್ಲ, ದಾಳಿ ಮಾಡಿ ಪೇಪರ್‌ನಲ್ಲಿ ಫೋಟೋ ಬಂದರೇನೇ ಭಯ ಅನ್ನೋದು ನಮ್ಮ ಇಲಾಖೆಯವರ ಹಳೇ ನಂಬಿಕೆ. ನಾನು ಹಳೇ ಮೈಸೂರು ಕಡೆಯ ಒಂದು ತಾಲ್ಲೂಕಿನಲ್ಲಿ ಆಹಾರ ಸುರಕ್ಷತಾಧಿಕಾರಿ. ನೋಟಿಸ್ ಮತ್ತು ಮರುಭೇಟಿ ಇಷ್ಟರಲ್ಲೇ ಗೋಬಿ ಗಾಡಿಗಳಿಂದ ಬಣ್ಣ ಬಿಡಿಸುತ್ತೇನೆ ಅಂದಾಗ ಪಕ್ಕದ ತಾಲ್ಲೂಕಿನವರು ನಕ್ಕಿದ್ದರು. ಈಗ ಅವರೇ ನನ್ನ ರಿಜಿಸ್ಟರ್‌ನ ಜೆರಾಕ್ಸ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಯ್ದೆ, ಫಾರ್ಮ್‌ಗಳ ವಿಷಯ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

2024ರ ಮಾರ್ಚ್ ನೆನಪಿದೆಯಲ್ವಾ? ರಾಜ್ಯದಲ್ಲಿ 171 ಗೋಬಿ ಸ್ಯಾಂಪಲ್ ತೆಗೆದು, ಅದರಲ್ಲಿ 107 ಅಸುರಕ್ಷಿತ ಅಂತ ವರದಿ ಬಂತು. ಗೋಬಿಗೆ ಕೃತಕ ಬಣ್ಣ ಹಾಕುವಂತಿಲ್ಲ, ಬಟ್ಟೆಗೆ ಬಳಸುವ ರೋಡಮೈನ್-ಬಿ ಬಣ್ಣ ಹಾಕಿದ ಬಾಂಬೆ ಮಿಠಾಯಿ ಮಾರುವಂತಿಲ್ಲ ಅಂತ ಆದೇಶವಾಯಿತು. ಜೂನ್‌ನಲ್ಲಿ ಕಬಾಬ್ ಸರದಿ. ಎಲ್ಲರ ಹಾಗೆ ನಾವೂ ಸಂಜೆ ಹೊತ್ತು ಜೀಪು, ಪೊಲೀಸು, ಕ್ಯಾಮೆರಾ ಕಟ್ಟಿಕೊಂಡು ಹೊರಟೆವು. ಒಂದು ವಾರ ಊರಿನ ಗೋಬಿಯೆಲ್ಲ ಬೆಳ್ಳಗಾಯಿತು. ಮುಂದಿನ ಸಂತೆ ಹೊತ್ತಿಗೆ ಮತ್ತೆ ಕೆಂಪು.

ಖರ್ಚು ಕೇಳಿ. ಒಂದು ಲೀಗಲ್ ಸ್ಯಾಂಪಲ್, ಅಂದರೆ ಕೇಸು ಹಾಕಲು ಬರುವ ಸ್ಯಾಂಪಲ್, ತೆಗೆಯಬೇಕಾದರೆ ಪದಾರ್ಥದ ಬೆಲೆ, ನಾಲ್ಕು ಭಾಗದ ಪ್ಯಾಕಿಂಗ್, ಸಾಕ್ಷಿಯವರ ಓಡಾಟ, ಲ್ಯಾಬ್‌ಗೆ ತಲುಪಿಸುವುದು ಎಲ್ಲ ಸೇರಿ ಸಾವಿರದಿಂದ ಒಂದೂವರೆ ಸಾವಿರ. ಅರ್ಧ ನನ್ನ ಜೇಬಿನಿಂದ, ಬಿಲ್ ಪಾಸಾದಾಗ ಆಯಿತು. ವರದಿ 14 ದಿನದಲ್ಲಿ ಬರಬೇಕು. ಒಂದೆರಡು ದಿನ ತಡವಾದರೂ ವಕೀಲರಿಗೆ ಹಬ್ಬ. ಅನ್‌ಸೇಫ್ ಬಂದರೆ ಮಂಜೂರಾತಿ ತಗೊಂಡು ಕೋರ್ಟಿಗೆ ಹೋಗಬೇಕು. ಅಷ್ಟರಲ್ಲಿ ಗಾಡಿಯವನು ಊರೇ ಬಿಟ್ಟಿರುತ್ತಾನೆ. ಆಧಾರ್‌ನಲ್ಲಿರುವ ವಿಳಾಸಕ್ಕೂ ಗಾಡಿ ನಿಲ್ಲುವ ಜಾಗಕ್ಕೂ ಮುನ್ನೂರು ಕಿಲೋಮೀಟರ್. ಆ ವರ್ಷ ತೆಗೆದ ಮೂವತ್ತು ಚಿಲ್ಲರೆ ಲೀಗಲ್ ಸ್ಯಾಂಪಲ್‌ಗಳಲ್ಲಿ ಕೊನೆ ಮುಟ್ಟಿದ್ದು ನಾಲ್ಕೋ ಐದೋ.

ಹಾಗಾಗಿ ಲೆಕ್ಕ ತಿರುಗಿಸಿದೆ. ವಾರಕ್ಕೆ ನಾನು ಎಷ್ಟು ಕಡೆ ವಾಪಸ್ ಹೋಗಬಲ್ಲೆ? ಕಚೇರಿ ಕೆಲಸ, ಮೀಟಿಂಗು, ಅಂಗನವಾಡಿ ತಪಾಸಣೆ ಕಳೆದರೆ ಹನ್ನೆರಡು. ಹಾಗಾದರೆ ವಾರಕ್ಕೆ ಹನ್ನೆರಡೇ ಸುಧಾರಣಾ ನೋಟಿಸ್ (ಇಂತಿಷ್ಟು ದಿನದಲ್ಲಿ ತಪ್ಪು ಸರಿಮಾಡಿ ಅನ್ನುವ ನೋಟಿಸ್). ಹದಿಮೂರನೇ ಅಂಗಡಿ ಎಷ್ಟೇ ಗಲೀಜಾಗಿದ್ದರೂ ಮುಂದಿನ ವಾರಕ್ಕೆ. ತೀರಾ ಅಪಾಯ ಅನ್ನಿಸಿದರೆ ಮಾತ್ರ ಬೇರೆ ದಾರಿ. ಮೇಲಿನವರಿಗೆ ಇದು ಹಿಡಿಸಲಿಲ್ಲ. "ಬೇರೆ ತಾಲ್ಲೂಕಿನವರು ತಿಂಗಳಿಗೆ ನೂರೈವತ್ತು ತೋರಿಸ್ತಾರೆ, ನೀವು ಐವತ್ತೂ ಮುಟ್ಟಲ್ಲವಲ್ರೀ" ಅಂತ ರಿವ್ಯೂ ಮೀಟಿಂಗ್‌ನಲ್ಲಿ ಎಲ್ಲರೆದುರು ಕೇಳಿದರು. ನೂರೈವತ್ತರಲ್ಲಿ ಎಷ್ಟು ಕಡೆ ಮರುಭೇಟಿ ಆಗಿದೆ ಅಂತ ನಾನು ವಾಪಸ್ ಕೇಳಿದೆ. ಆ ಕಾಲಂ ನಮೂನೆಯಲ್ಲೇ ಇರಲಿಲ್ಲ.

ಈ ನೋಟಿಸ್ ಆಹಾರ ಸುರಕ್ಷತಾ ಕಾಯ್ದೆಯ 32ನೇ ಸೆಕ್ಷನ್‌ನದು, ನಮ್ಮ ಮೇಲಿನ ಅಂಕಿತಾಧಿಕಾರಿಗಳ ಸಹಿಯಲ್ಲೇ ಹೋಗಬೇಕು, ಕನಿಷ್ಠ 14 ದಿನ ಕೊಡಲೇಬೇಕು. ಮೊದಲು ನನ್ನ ವರದಿ ಜಿಲ್ಲಾ ಕಚೇರಿಯಲ್ಲಿ ಎರಡು ವಾರ ಸುಮ್ನೆ ಮಲಗುತ್ತಿತ್ತು. ಸೋಮವಾರ ಬೆಳಿಗ್ಗೆ ನಾನೇ ಹೋಗಿ ಎದುರು ಕೂರುತ್ತೇನೆ, ಸಹಿ ಮಾಡಿಕೊಡಿ ಸಾರ್ ಅಂತ ಮಾತಾಡಿಕೊಂಡೆ. ಬಸ್ ಚಾರ್ಜ್ ನನ್ನದು. ನೋಟಿಸ್ ಕೈಗೆ ಕೊಡುವಾಗ ನಾನು ಮತ್ತೆ ಬರುವ ತಾರೀಖನ್ನು ದೊಡ್ಡ ಅಕ್ಷರದಲ್ಲಿ ಬರೆದು, ಅದು ಕಾಣುವ ಹಾಗೆ ಫೋಟೋ ತೆಗೆಯುತ್ತೇನೆ. ಆ ದಿನ ಹೋಗಲೇಬೇಕು. ಮಳೆ ಇರಲಿ, ಜಾತ್ರೆ ಇರಲಿ. ಒಂದು ಕಡೆ ತಪ್ಪಿಸಿದರೂ ಇಡೀ ಬೀದಿಗೆ ಸುದ್ದಿ ಹೋಗುತ್ತದೆ. ಸರಿ ಮಾಡದೆ ಇದ್ದರೆ ಅಂದೇ ಸ್ಯಾಂಪಲ್, ಅಂದೇ ಅಮಾನತಿಗೆ ಶಿಫಾರಸು. ವಾದ ಇಲ್ಲ, ಬೈಗುಳ ಇಲ್ಲ. ಯಾವ ಹೊತ್ತಿಗೆ ಹೋಗುತ್ತೇನೆ, ಯಾವ ಬೀದಿಯಿಂದ ಶುರು ಮಾಡುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಹೋಟೆಲ್‌ನವರೂ ಇರುತ್ತೀರಿ.

ಶೆಡ್ಯೂಲ್ 4ರಲ್ಲಿರುವ ಸ್ವಚ್ಛತಾ ನಿಯಮಗಳ ಪೂರ್ತಿ ಪಟ್ಟಿ ಗಾಡಿಗಳಿಗೆ ಆಗಿಬರುವುದಿಲ್ಲ. ನೀರು, ಎಣ್ಣೆ, ಬಣ್ಣ, ಕೈ, ನೋಂದಣಿ ಇಷ್ಟೇ ನೋಡಿದೆ. ನೋಂದಣಿಯದೇ ಒಂದು ಕಥೆ. ಆಗ ಸರ್ಕಾರಕ್ಕೆ ಕಟ್ಟಬೇಕಿದ್ದದ್ದು ವರ್ಷಕ್ಕೆ 100 ರೂಪಾಯಿ, ಸೈಬರ್‌ನವರು ಕಿತ್ತುಕೊಳ್ಳುತ್ತಿದ್ದದ್ದು ಎಂಟುನೂರು, ಸಾವಿರ. ಪುರಸಭೆ ಹಾಲ್‌ನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು ಒಂದೇ ವಾರದಲ್ಲಿ ಇನ್ನೂರರ ಹತ್ತಿರ ಮಾಡಿಸಿದೆವು. ಅಲ್ಲಿಂದ ಗಾಡಿಯವರು ನನ್ನನ್ನು ಕಂಡರೆ ಓಡುವುದು ನಿಂತಿತು.

ನಿಜವಾದ ತಿರುವು ಬಂದಿದ್ದು ಬಣ್ಣದ ಮೂಲ ಹಿಡಿದಾಗ. ಪ್ರತಿ ಗಾಡಿಯಲ್ಲೂ ಒಂದೇ ಪ್ರಶ್ನೆ ಕೇಳಿದೆ: ಈ ಪೊಟ್ಟಣ ಎಲ್ಲಿಯದು, ಬಿಲ್ ಎಲ್ಲಿ? ಬಿಲ್ ಯಾರ ಹತ್ತಿರವೂ ಇರಲಿಲ್ಲ, ಆದರೆ ಎಲ್ಲರ ಬೆರಳೂ ಎರಡೇ ಹೋಲ್‌ಸೇಲ್ ಅಂಗಡಿಗಳ ಕಡೆ ಹೋಯಿತು. ಗೋಡೌನ್ ಹೇಗೆ ಸಿಕ್ಕಿತು ಅನ್ನೋದು ನನ್ನೊಳಗೇ ಇರಲಿ. ಸಡಿಲವಾಗಿ ಕಟ್ಟಿದ, ಲೇಬಲ್ಲೇ ಇಲ್ಲದ ಪೊಟ್ಟಣಗಳು ಮೂಟೆಗಟ್ಟಲೆ ಇದ್ದವು. ಇನ್ನೊಂದು ಕಡೆ ಲೇಬಲ್ ಇದ್ದ ಡಬ್ಬಿ ತೋರಿಸಿ, "ಸಾರ್, ಇದರಲ್ಲಿ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲ" ಅಂದರು, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸ್ ನಂಬರ್. ಇದೆ, ಆದರೆ ಅದು ಸಿಹಿ ತಿಂಡಿಯಂಥವಕ್ಕೆ, ಅದೂ 100 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ನೂರು ಭಾಗ) ಒಳಗೆ. ಗೋಬಿಗೆ ಒಂದು ಚಿಟಿಕೆಯೂ ಹಾಕುವಂತಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಗಾಡಿಯವನಿಗೆ ಕಳೆದುಕೊಳ್ಳಲು ಏನೂ ಇಲ್ಲ, ಹೋಲ್‌ಸೇಲ್‌ನವನಿಗೆ ಇದೆ. ಮಿಸ್‌ಬ್ರ್ಯಾಂಡ್ ಕೇಸು, ಅಂದರೆ ಲೇಬಲ್ ಸರಿಯಿಲ್ಲದ ಮಾಲಿನ ಕೇಸು, ದಂಡ ಹಾಕುವ ಅಧಿಕಾರವಿರುವ ಅಪರ ಜಿಲ್ಲಾಧಿಕಾರಿಗಳ ಮುಂದೆ ಹೋಯಿತು. ಅವರ ಮೇಜಿನ ಮೇಲೆ ಜಮೀನು ತಕರಾರಿನ ಫೈಲುಗಳೇ ಗುಡ್ಡೆ ಬಿದ್ದಿದ್ದವು. ಪ್ರತಿ ಕೇಸಿಗೂ ಒಂದೇ ಪುಟದ ಕನ್ನಡ ಟಿಪ್ಪಣಿ ಹಾಕಿದೆ: ಯಾವಾಗ ನೋಟಿಸ್, ಯಾವಾಗ ಮರುಭೇಟಿ, ಮೊದಲ ಸಲವೋ ಎರಡನೆಯದೋ, ಎಷ್ಟು ಲಾಭ. ದಂಡ ಎಷ್ಟು ಅಂತ ತೀರ್ಮಾನಿಸಲು 49ನೇ ಸೆಕ್ಷನ್ ಕೇಳುವುದೂ ಹೆಚ್ಚುಕಡಿಮೆ ಅದನ್ನೇ ಅಲ್ವಾ? ಮಿತಿ 3 ಲಕ್ಷ ಇದ್ದರೂ ನಲವತ್ತು ಸಾವಿರದ ಆಸುಪಾಸು ದಂಡ ಬಿತ್ತು. ಆಸಾಮಿ ಕಟ್ಟಲಿಲ್ಲ. ಇಲ್ಲಿ ನಮ್ಮವರು ಬಹಳ ಜನ ಕೈಬಿಡುತ್ತಾರೆ. 96ನೇ ಸೆಕ್ಷನ್ ತೆಗೆದು ನೋಡಿ. ದಂಡ ಭೂಕಂದಾಯದ ಬಾಕಿಯ ಹಾಗೆ ವಸೂಲಾಗುತ್ತದೆ, ಕಟ್ಟುವವರೆಗೆ ಲೈಸೆನ್ಸ್ ಅಮಾನತು. ಅಮಾನತು ಪತ್ರ ಕೈಗೆ ಸಿಕ್ಕ ವಾರದೊಳಗೆ ಚಲನ್ ತಂದು ತೋರಿಸಿದರು. ಆಮೇಲೆ ಇಡೀ ಪಟ್ಟಣಕ್ಕೆ ಬಣ್ಣದ ಪೊಟ್ಟಣ ಬರುವುದೇ ಕಡಿಮೆಯಾಯಿತು.

ಬಣ್ಣ ಬಿಟ್ಟರೆ ಗಿರಾಕಿ ಬರಲ್ಲ ಅನ್ನೋದು ಗಾಡಿಯವರ ಅಳಲು, ಸುಳ್ಳೂ ಅಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಒಬ್ಬ ಗೋಬಿಯವನಿಗೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಲು ಹೇಳಿದೆ. ಖಾರ ಕಡಿಮೆ, ಕೆಂಪು ಜಾಸ್ತಿ. ಪ್ಲೇಟಿಗೆ ಒಂದೆರಡು ರೂಪಾಯಿ ಹೆಚ್ಚು ಬಿತ್ತು, ಅವನು ಐದು ಏರಿಸಿದ! ನಾನು ಮಾತಾಡಲಿಲ್ಲ. ಉಳಿದವರು ಅವನನ್ನು ನೋಡಿಯೇ ಕಲಿತರು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ನೋಟು ನೋಡುವ ಯುವಿ ಟಾರ್ಚ್ ಇನ್ನೂರು ರೂಪಾಯಿಗೆ ತಂದೆ. ಗುಲಾಬಿ ಬಾಂಬೆ ಮಿಠಾಯಿಯನ್ನು ನೀರಲ್ಲಿ ಕರಗಿಸಿ ಕತ್ತಲಲ್ಲಿ ಬೆಳಕು ಬಿಟ್ಟರೆ ರೋಡಮೈನ್ ಇದ್ದಲ್ಲಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಇದು ಸಾಕ್ಷಿಯಲ್ಲ, ಸ್ಯಾಂಪಲ್ ಎಲ್ಲಿ ತೆಗೆಯಬೇಕು ಅನ್ನೋದಕ್ಕೆ ಸುಳಿವು. ಸಾಸು, ಎಣ್ಣೆ ತುಂಬಿದ ಗೋಬಿಯಲ್ಲಿ ಏನೂ ಗೊತ್ತಾಗಲಿಲ್ಲ. ಎಣ್ಣೆಯ ಟಿಪಿಸಿ (ಕಾಯಿಸಿ ಕಾಯಿಸಿ ಎಣ್ಣೆ ಎಷ್ಟು ಕೆಟ್ಟಿದೆ ಅನ್ನೋ ಅಂಕಿ) ಅಳೆಯುವ ಮೀಟರ್‌ಗೆ ನಲವತ್ತು ಸಾವಿರದ ಮೇಲೆ ಅಂದರು, ಬೇಡಿಕೆ ಹಾಗೇ ಉಳಿಯಿತು. ಜಿಲ್ಲೆಯಿಂದ ಎರಡು ದಿನಕ್ಕೆ ಎರವಲು ತಂದು ಬೋಂಡಾ ಅಂಗಡಿಗಳಲ್ಲಿ ಇಳಿಸಿದೆ. ಮಿತಿ 25 ಪರ್ಸೆಂಟ್. ಒಂದು ಬಾಣಲೆ ಮೂವತ್ತೈದು ದಾಟಿತ್ತು. ಅಂಕಿ ಕಣ್ಣಾರೆ ಕಂಡ ಮಾಲೀಕ ನನ್ನೆದುರೇ ಎಣ್ಣೆ ಬದಲಾಯಿಸಿದ, ಆದರೆ ಹಳೆಯದನ್ನು ಪಕ್ಕದ ಸಣ್ಣ ಅಂಗಡಿಗೆ ಮಾರಲು ಹೊರಟ. ಈಗ ದೊಡ್ಡ ಅಂಗಡಿಯವರ ಹಳೇ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಳ್ಳುವ ಏಜೆನ್ಸಿಗೆ ಗಂಟು ಹಾಕಿದ್ದೇವೆ.

ಆಲೆಮನೆಗಳಲ್ಲಿ ಮಾತ್ರ ಈ ವಿಧಾನ ಅರ್ಧ ನಡೆಯಿತು. ಬೆಲ್ಲ ಬೆಳ್ಳಗೆ ಮಾಡುವ ರಾಸಾಯನಿಕ ಹೈಡ್ರೋಸ್ ಬೇಡ, ಬೆಂಡೆ ಗಿಡದ ಲೋಳೆಯಲ್ಲೇ ಕೊಳೆ ತೆಗೆಯಿರಿ ಅಂತ ನೋಟಿಸ್ ಕೊಟ್ಟೆ, ಮರುಭೇಟಿಯೂ ಮಾಡಿದೆ. ಆ ದಿನ ಕೊಪ್ಪರಿಗೆ ಹತ್ತಿರ ಡಬ್ಬ ಇರುವುದಿಲ್ಲ, ಮಾರನೇ ದಿನ ಇರುತ್ತದೆ. "ಬಿಳಿ ಬೆಲ್ಲಕ್ಕೆ ಮಾರ್ಕೆಟ್ಟಲ್ಲಿ ಜಾಸ್ತಿ ರೇಟು, ಕಪ್ಪು ಬೆಲ್ಲ ನೀವು ತಗೋತೀರಾ ಸ್ವಾಮಿ?" ಅಂತ ಒಬ್ಬ ರೈತರು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಮುಂದಿನ ಸೀಸನ್‌ಗೆ ಆಲೆಮನೆಯವರನ್ನು ಬಿಟ್ಟು ಮಂಡಿಯ ವರ್ತಕರಿಂದ ಶುರು ಮಾಡುತ್ತೇನೆ. ಅವರಿಗೂ ಲೈಸೆನ್ಸ್ ಇದೆ. ಅಪರ ಜಿಲ್ಲಾಧಿಕಾರಿಗಳ ಹತ್ತಿರ ಪ್ರತಿ ತಿಂಗಳೂ ಒಂದು ಮಧ್ಯಾಹ್ನ ಬರೀ ನಮ್ಮ ಕೇಸುಗಳಿಗೆ ಬೇಕು ಅಂತ ಈಗಲೇ ಕೇಳಿಟ್ಟಿದ್ದೇನೆ.