ವಿಷಲ್ ಲೆಕ್ಕ ಬಿಟ್ಟ ಮೇಲೆ ಬೆಂದ ಬೇಳೆ: ಎಲೆಕ್ಟ್ರಿಕ್ ಮಲ್ಟಿಕುಕ್ಕರ್, ನನ್ನ ಅನುಭವ

ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನಲ್ಲಿ ಅನ್ನ ಮಾಡಿಕೊಳ್ಳಬಹುದು, ಸಾರು–ಹುಳಿ ಆಗುವ ಮಾತಲ್ಲ ಅಂತ ಹೇಳುವವರು ಈಗಲೂ ಬಹಳ ಜನ. ಬೇಳೆ ಕಾಳುಕಾಳಾಗಿ ಉಳಿಯುತ್ತದೆ, ತರಕಾರಿ ಕರಗಿ ಹೋಗುತ್ತದೆ, ತಳ ಹಿಡಿದು ‘ಬರ್ನ್’ ಅಂತ ತೋರಿಸಿ ನಿಂತೇ ಬಿಡುತ್ತದೆ. ಮೂರು ದೂರೂ ನಿಜ. ಗ್ಯಾಸಿನ ಮೇಲಿನ ಕುಕ್ಕರಿನ ಅಭ್ಯಾಸವನ್ನು ಹಾಗೇ ಇದಕ್ಕೆ ಹಚ್ಚಿದರೆ ಮೂರೂ ಆಗಿಯೇ ಆಗುತ್ತವೆ. ಅನ್ನ, ಹುಳಿ, ಒಂದು ಪಲ್ಯ ನಮ್ಮ ಮನೆಯಲ್ಲಿ ಈಗ ದಿನವೂ ಇದರಲ್ಲೇ ಆಗುತ್ತಿದೆ, ಮುಕ್ಕಾಲು ಗಂಟೆಯೊಳಗೆ. ಆಗಲ್ಲ ಅಂದವರು ಊಟ ಮಾಡಿ ಅಳತೆ ಬರೆದುಕೊಂಡು ಹೋಗಿದ್ದಾರೆ, ಹಾಗಾಗಿ ಆ ಅಳತೆಗಳನ್ನು ಇಲ್ಲೂ ಇಡುತ್ತಿದ್ದೇನೆ. ನನ್ನದು 5.7 ಲೀಟರಿನ, 1000 ವ್ಯಾಟಿನದು. ಲೋಟ ಅಂದರೆ 200 ಮಿ.ಲೀ. ಲೋಟ.

ಮೊದಲು ವಿಷಲ್ ವಿಷಯ. ಗ್ಯಾಸಿನ ಕುಕ್ಕರ್ 15 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಒತ್ತಡದಲ್ಲಿ ಕೆಲಸ ಮಾಡುತ್ತದೆ, ಒಳಗೆ ಸುಮಾರು 121 ಡಿಗ್ರಿ ಶಾಖ. ಎಲೆಕ್ಟ್ರಿಕ್ ಡಬ್ಬಿಗಳಲ್ಲಿ ಹೆಚ್ಚಿನವು ‘ಹೈ’ ಇಟ್ಟರೂ 10ರಿಂದ 12 ಪಿಎಸ್ಐ ದಾಟುವುದಿಲ್ಲ, ಶಾಖ 115–117ರ ಆಸುಪಾಸು. ನಾಲ್ಕೈದು ಡಿಗ್ರಿ ಏನು ಮಹಾ ಅನ್ನಿಸಬಹುದು. ತೊಗರಿಬೇಳೆಗೆ ಅದು ಮೂರು ನಾಲ್ಕು ನಿಮಿಷದ ವ್ಯತ್ಯಾಸ. ‘ಮೂರು ವಿಷಲ್’ ಬೇಳೆಗೆ ಇಲ್ಲಿ 9 ನಿಮಿಷ ಹೈ, ಆಮೇಲೆ 10 ನಿಮಿಷ ಮುಟ್ಟದೆ ಬಿಡುವುದು. ಆ ಹತ್ತು ನಿಮಿಷವೂ ಬೇಯುವ ಹೊತ್ತೇ. ಅವಸರಕ್ಕೆ 9 ಮುಗಿದ ಕೂಡಲೇ ಆವಿ ಬಿಟ್ಟವರ ಬೇಳೆಯೇ ಕಾಳುಕಾಳಾಗಿ ಉಳಿಯುವುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಮಡಿಕೇರಿ ಇನ್ನೂ ಎತ್ತರ. ಅಮೆರಿಕದ ಅಥವಾ ಚೆನ್ನೈನ ಅಳತೆ ನೋಡಿ ಮಾಡುವವರು ಹತ್ತಕ್ಕೆ ಒಂದು ನಿಮಿಷ ಸೇರಿಸಿಕೊಳ್ಳಿ. ಮಂಗಳೂರು, ಕಾರವಾರದವರಿಗೆ ಅದು ಬೇಡ.

ಇನ್ನು ದಿನದ ಅಡುಗೆ. ಪಾತ್ರೆಯ ತಳದಲ್ಲಿ ತೊಗರಿಬೇಳೆ ಮುಕ್ಕಾಲು ಲೋಟ, ಇಪ್ಪತ್ತು ನಿಮಿಷ ನೆನೆದದ್ದು. ನೀರು ಎರಡೂವರೆ ಲೋಟ, ಅರಿಶಿನ, ಒಂದು ಚಮಚ ಎಣ್ಣೆ. ಇದರ ಜತೆ ಇನ್ನೊಂದು ಸಾಮಾನು ಕಾಲು ಚಮಚದಷ್ಟು ಬೀಳುತ್ತದೆ, ಅದು ಮನೆಯ ಗುಟ್ಟು, ಇಲ್ಲಿ ಹೇಳುವುದಿಲ್ಲ. ಇಲ್ಲದಿದ್ದರೂ ಬೇಳೆ ಬೇಯುತ್ತದೆ. ಹುಣಸೆಹಣ್ಣು, ಹೆಚ್ಚಿದ ಟೊಮೆಟೊ ಈಗ ಬೇಡವೇ ಬೇಡ. ಹುಳಿ ತಾಗಿದರೆ ಬೇಳೆ ಬಿಗಿಯಾಗಿ, 9 ನಿಮಿಷ ಅಲ್ಲ 15 ಇಟ್ಟರೂ ಕರಗುವುದಿಲ್ಲ. ಟೊಮೆಟೊ ಹಾಕಲೇಬೇಕಿದ್ದರೆ ಇಡೀ ಹಣ್ಣು ಹಾಕಿ. ಬೋರ್‌ವೆಲ್ ನೀರಿನ ಮನೆಗಳಲ್ಲೂ ಇದೇ ತೊಂದರೆ, ಸುಣ್ಣದಂಶದಿಂದ. ಕುಡಿಯುವ ಆರ್‌ಒ ಫಿಲ್ಟರ್ ನೀರಲ್ಲೇ ನೆನೆಸಿ ಬೇಯಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಬೇಳೆಯ ಮೇಲೆ ಉದ್ದ ಕಾಲಿನ ಸ್ಟ್ಯಾಂಡ್. ಜತೆಗೆ ಕೊಡುವ ಗಿಡ್ಡ ಸ್ಟ್ಯಾಂಡ್ ಬೇಳೆಯಲ್ಲಿ ಮುಳುಗುತ್ತದೆ. ಪಾತ್ರೆ ಅಂಗಡಿಯಲ್ಲಿ ನೂರೈವತ್ತು ಇನ್ನೂರು ರೂಪಾಯಿಗೆ ನಾಲ್ಕು ಇಂಚಿನದು ಸಿಗುತ್ತದೆ. ಅದರ ಮೇಲೆ ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಸೋನಾ ಮಸೂರಿ ಒಂದೂವರೆ ಲೋಟ. ಹಳೆ ಅಕ್ಕಿಯಾದರೆ ಲೋಟಕ್ಕೆ ಒಂದೂಮುಕ್ಕಾಲು ನೀರು, ಹೊಸ ಅಕ್ಕಿಗೆ ಒಂದೂವರೆ ಸಾಕು. ಗ್ಯಾಸಿನ ಕುಕ್ಕರಿಗೆ ಹಾಕುವ ಎರಡೂವರೆ ಇಲ್ಲಿ ಹಾಕಿದರೆ ಮುದ್ದೆಯಾಗುತ್ತದೆ, ಯಾಕೆಂದರೆ ಇದರಲ್ಲಿ ವಿಷಲ್ ಹೊಡೆದು ನೀರು ಹಾರಿಹೋಗುವುದೇ ಇಲ್ಲ. ಪಾತ್ರೆಯ ಮೇಲೆ ತಟ್ಟೆ ಮುಚ್ಚಬೇಕು, ಇಲ್ಲದಿದ್ದರೆ ಮುಚ್ಚಳದ ಬೆವರು ಅನ್ನದ ಮೇಲೇ ಸುರಿದು ನಡುವೆ ಗುಳಿ ಬೀಳುತ್ತದೆ.

ಒತ್ತಡ ಏರಲು 12 ನಿಮಿಷದಷ್ಟು, ಬೇಯಲು 9, ಇಳಿಯಲು 10. ಅಲ್ಲಿಗೆ ಅರ್ಧ ಗಂಟೆ, ತರಕಾರಿ ಇನ್ನೂ ಹಲಗೆಯ ಮೇಲೇ ಇದೆ. ನನ್ನ ಪದ್ಧತಿಯ ಮುಖ್ಯ ಭಾಗ ಇಲ್ಲಿಂದ. ಬೇಳೆಯ ಜತೆಗೇ ಹುರುಳಿಕಾಯಿ, ಕ್ಯಾರೆಟ್, ನುಗ್ಗೆಕಾಯಿ ಹಾಕಿ ಒಂದೇ ಬಾರಿಗೆ ಮುಗಿಸಲು ನೋಡುವುದು ಎಲ್ಲರ ಆಸೆ. ದೊಡ್ಡ ಹೋಳು ಮಾಡಿ, ಬಟ್ಟಲಲ್ಲಿ ಬೇರೆ ಇಟ್ಟು, ಬಾಳೆ ಎಲೆಯಲ್ಲಿ ಸುತ್ತಿ ಎಲ್ಲ ರೀತಿಯಲ್ಲೂ ನೋಡಿದೆ. ಆಲೂಗಡ್ಡೆ, ಸುವರ್ಣಗಡ್ಡೆ ಬಿಟ್ಟು ಯಾವುದೂ 19 ನಿಮಿಷದ ಶಾಖ ತಡೆಯುವುದಿಲ್ಲ. ನುಗ್ಗೆಕಾಯಿಯಂತೂ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ.

ಹಾಗಾಗಿ ಅನ್ನವನ್ನು ಎತ್ತಿಟ್ಟು, ಬೇಳೆಯನ್ನು ಬೇರೆ ಪಾತ್ರೆಗೆ ಬಗ್ಗಿಸಿ ಕಡೆದಿಡುವುದು. ಒಳಪಾತ್ರೆ ತೊಳೆಯುವ ಅಗತ್ಯವಿಲ್ಲ, ಒಂದು ಲೋಟ ನೀರು ಹಾಕಿ ಮರದ ಸೌಟಿನಲ್ಲಿ ತಳವನ್ನು ಕೆರೆದು ಬಿಡಿಸಿದರೆ ಸಾಕು. ಆ ನೀರಿಗೇ ಅರ್ಧ ಲೋಟ ತೆಳು ಹುಣಸೆರಸ, ಉಪ್ಪು, ಚೂರು ಬೆಲ್ಲ, ತರಕಾರಿ. ಹುಳಿಪುಡಿಯನ್ನು ಮೇಲೆ ಉದುರಿಸಿ, ಕಲಕಬೇಡಿ. ಪುಡಿ ತಳಕ್ಕೆ ಹೋದರೆ ಕೂರುತ್ತದೆ, ಕೂತರೆ ಬರ್ನ್. ಸಮಯ ‘0’ ನಿಮಿಷಕ್ಕೆ ಇಡಿ. ಸೊನ್ನೆ ಇಟ್ಟರೆ ಒತ್ತಡಕ್ಕೆ ಬಂದ ಕೂಡಲೇ ನಿಲ್ಲುತ್ತದೆ. ಡಬ್ಬಿ ಆಗಲೇ ಕಾದಿರುವುದರಿಂದ ನಾಲ್ಕು ನಿಮಿಷಕ್ಕೇ ಒತ್ತಡ ಬರುತ್ತದೆ. ಬಂದ ತಕ್ಷಣ ಆವಿ ಬಿಟ್ಟರೆ ಹುರುಳಿಕಾಯಿ ಹಸಿರಾಗೇ ಇರುತ್ತದೆ. ಕ್ಯಾರೆಟ್, ನವಿಲುಕೋಸಿಗೆ ಎರಡು ನಿಮಿಷ ಕಾದು ಬಿಡಿ. ಈಗ ಕಡೆದ ಬೇಳೆ ಬಗ್ಗಿಸಿ, ತೆಂಗಿನಕಾಯಿ ರುಬ್ಬಿದ್ದಿದ್ದರೆ ಅದನ್ನೂ ಹಾಕಿ ಮುಚ್ಚಳ ತೆರೆದಿಟ್ಟು ಹುರಿಯಲು, ಕುದಿಸಲು ಇರುವ ‘ಸಾಟೆ’ ಗುಂಡಿಯಲ್ಲಿ ಎರಡು ಕುದಿ. ಕಾಯಿ ಹಾಕಿ ಒತ್ತಡದಲ್ಲಿ ಬೇಯಿಸಿದರೆ ಎಣ್ಣೆ ಬಿಟ್ಟು ಒಡೆದ ಹಾಗೆ ಕಾಣುತ್ತದೆ.

ಒಗ್ಗರಣೆಯನ್ನು ಮಾತ್ರ ಗ್ಯಾಸಿನ ಮೇಲೆ ಸಣ್ಣ ಸೌಟಿನಲ್ಲೇ ಮಾಡಿ. ಸಾಟೆಯಲ್ಲಿ ತಳ ಒಂದೇ ಸಮ ಕಾಯುವುದಿಲ್ಲ, ಸಾಸಿವೆ ಒಂದು ಕಡೆ ಸೀದು ಇನ್ನೊಂದು ಕಡೆ ಹಾಗೇ ಕೂತಿರುತ್ತದೆ, ಇಂಗಿನ ಘಮ ಬರುವುದಿಲ್ಲ. ರಾಗಿ ಮುದ್ದೆಯೂ ಹಾಗೇ. ಒಳಪಾತ್ರೆಗೆ ಹಿಡಿತವಿಲ್ಲ, ಕೋಲು ತಿರುವಿದರೆ ಪಾತ್ರೆಯೇ ತಿರುಗುತ್ತದೆ. ಮುದ್ದೆ ಒಲೆಯ ಮೇಲೆ, ಬಸ್ಸಾರು ಡಬ್ಬಿಯಲ್ಲಿ. ಎರಡೂ ಒಟ್ಟಿಗೆ ಆಗುತ್ತವೆ, ಸಮಯವೂ ಉಳಿಯಿತು.

ಬಸ್ಸಾರಿಗೆ ಬೇಕಾದ ಹುರುಳಿ ಈ ಯಂತ್ರಕ್ಕೆ ಹೇಳಿ ಮಾಡಿಸಿದ ಕಾಳು. ರಾತ್ರಿ ನೆನೆದ ಒಂದು ಲೋಟ ಹುರುಳಿಗೆ ಐದು ಲೋಟ ನೀರು, 25 ನಿಮಿಷ, ತಾನಾಗಿ ಇಳಿಯುವವರೆಗೆ ಮುಟ್ಟಬಾರದು. ಕಟ್ಟು ಗಾಢ ಕಂದು ಬಣ್ಣಕ್ಕೆ ಬರುತ್ತದೆ. ಗ್ಯಾಸಿನ ಕುಕ್ಕರಿನಲ್ಲಿ ಅಷ್ಟು ಹೊತ್ತು ಇಟ್ಟರೆ ವಿಷಲ್ ಜತೆ ಕಟ್ಟೇ ಸ್ಟೌವ್ ಮೇಲೆ ಚೆಲ್ಲಿರುತ್ತದೆ. ನೆನೆದ ಕಡಲೆಕಾಳಿಗೆ ಸುಮಾರು ಅಷ್ಟೇ ಹೊತ್ತು, ನೆನೆಯದ ಹೆಸರುಕಾಳಿಗೆ 8 ನಿಮಿಷ, ಎಳೆ ಅವರೆಕಾಳಿಗೆ 3. ರಾಜ್ಮಾವನ್ನು ಮಾತ್ರ ಯಾವತ್ತೂ ‘ಸ್ಲೋ ಕುಕ್’ನಲ್ಲಿ ಹಸಿಯಾಗಿ ಹಾಕಬೇಡಿ. ಅದರಲ್ಲಿರುವ ಲೆಕ್ಟಿನ್ ಅನ್ನುವ ವಿಷ ಚೆನ್ನಾಗಿ ಕುದಿದರೆ ಮಾತ್ರ ಸಾಯುತ್ತದೆ. ಮಂದ ಶಾಖದಲ್ಲಿ ಉಳಿದು ವಾಂತಿ–ಭೇದಿ ಮಾಡಿಸುತ್ತದೆ. ಪ್ರೆಶರಿನಲ್ಲಿ ಆ ಭಯವಿಲ್ಲ.

ಬಿಸಿಬೇಳೆಬಾತ್ ಮಾಡುವವರಿಗೇ ಬರ್ನ್ ಹೆಚ್ಚು ಬರುವುದು. ಅಕ್ಕಿ 1, ಬೇಳೆ ಮುಕ್ಕಾಲು, ನೀರು 6. ಅಕ್ಕಿ–ಬೇಳೆ–ಅರಿಶಿನ–ಎಣ್ಣೆ ಮಾತ್ರ ಕೆಳಗೆ, ಬಟಾಣಿ ಆಲೂಗಡ್ಡೆ ಮೇಲೆ, 10 ನಿಮಿಷ, ಮತ್ತೆ 10 ನಿಮಿಷ ಬಿಡುವುದು. ಪುಡಿ, ಹುಣಸೆರಸ, ಬೆಲ್ಲ ಎಲ್ಲ ಮುಚ್ಚಳ ತೆಗೆದ ಮೇಲೆ. ಪುಡಿಯನ್ನು ಬಿಸಿನೀರಲ್ಲಿ ಕದಡಿ ಹಾಕಿದರೆ ಗಂಟಾಗುವುದಿಲ್ಲ. ಮೊದಲೇ ಎಲ್ಲವನ್ನೂ ಹುರಿದು ಸುರಿದು ‘ಒಂದೇ ಪಾತ್ರೆಯಲ್ಲಿ’ ಅಂತ ತೋರಿಸುವ ಕ್ರಮದಲ್ಲಿ ಗಂಜಿ ತಳಕ್ಕಿಳಿದು ಅಂಟುತ್ತದೆ, ಪಾತ್ರೆಯ ಕೆಳಗಿನ ಸೆನ್ಸರಿಗೆ ಆ ಶಾಖ ತಟ್ಟಿ ಬರ್ನ್ ಬರುತ್ತದೆ.

ಬರ್ನಿಗೆ ಇನ್ನೊಂದು ಕಾರಣ ಇದೆ, ಇದನ್ನು ಯಾರೂ ಗಮನಿಸುವುದಿಲ್ಲ: ಸಂಜೆಯ ವೋಲ್ಟೇಜ್. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗದಷ್ಟು ಇಳಿಯುತ್ತದೆ. 230ರಲ್ಲಿ 1000 ವ್ಯಾಟ್ ಕೊಡುವ ಡಬ್ಬಿ 190ಕ್ಕೆ ಇಳಿದಾಗ 680 ಕೊಡುತ್ತದೆ. ಒತ್ತಡ ಏರಲು 12ರ ಬದಲು 20 ನಿಮಿಷವಾಗುತ್ತದೆ, ಅಷ್ಟೂ ಹೊತ್ತು ಫ್ಲೋಟ್ ಪಿನ್ನಿನ (ಒತ್ತಡ ಬಂದಾಗ ಮೇಲೆದ್ದು ಮುಚ್ಚಳವನ್ನು ಲಾಕ್ ಮಾಡುವ ಸಣ್ಣ ಪಿನ್) ಸಂದಿಯಿಂದ ಆವಿ ಸೋರಿ ನೀರು ಕಡಿಮೆಯಾಗುತ್ತದೆ. ಹಳ್ಳಿಯಲ್ಲಿ, ಬಡಾವಣೆಯ ಕೊನೆಯ ಮನೆಗಳಲ್ಲಿ ಇರುವವರು ನೀರನ್ನು ಮೊದಲೇ ಬಿಸಿ ಮಾಡಿ ಹಾಕಿ. ನಾನೂ ಸಂಜೆ ಹಾಗೇ ಮಾಡುವುದು. 1000 ವ್ಯಾಟ್ ಅಂದರೆ ಸುಮಾರು 4.3 ಆಂಪ್ಸ್, ದೊಡ್ಡ ಪ್ಲಗ್ ಪಾಯಿಂಟ್ ಬೇಕೇಬೇಕು ಅಂತಿಲ್ಲ, ಆದರೆ ಅಗ್ಗದ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಬೇಡಿ. ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಅಮೆರಿಕದಲ್ಲಿರುವ ಮಕ್ಕಳು ತಂದುಕೊಡುವ ಡಬ್ಬಿ 120 ವೋಲ್ಟಿನದು. ನೇರ ಹಾಕಿದರೆ ಸುಟ್ಟಿತು, ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಕೊಳ್ಳುವ ದುಡ್ಡಿಗೆ ಇಲ್ಲಿನದೇ ಅರ್ಧ ಬಂದಿರುತ್ತದೆ.

ದುಡ್ಡಿನ ಮಾತು ಬಂತು. ಅನ್ನ–ಬೇಳೆ–ತರಕಾರಿ ಒಂದು ಸಲಕ್ಕೆ ಯೂನಿಟಿನ ಮೂರನೇ ಒಂದು ಪಾಲು ಹೋಗುತ್ತದೆ, ಪ್ಲಗ್ಗಿಗೆ ಹಾಕುವ ಮೀಟರಿನಲ್ಲಿ ನೋಡಿದ್ದು. ದಿನಕ್ಕೆ ಎರಡು ಸಲ ಅಂದರೆ ತಿಂಗಳಿಗೆ 20 ಯೂನಿಟ್, ಆರು ರೂಪಾಯಿ ಹಿಡಿದರೆ 120. ಐದು ವಾರಕ್ಕೆ ಮುಗಿಯುತ್ತಿದ್ದ 14.2 ಕೆ.ಜಿ. ಸಿಲಿಂಡರ್ ಈಗ ಎಂಟು ವಾರ ದಾಟುತ್ತದೆ. ಒಂದು ಸಿಲಿಂಡರಿಗೆ 850 ಹಿಡಿದರೆ ತಿಂಗಳಿಗೆ ಮುನ್ನೂರರ ಹತ್ತಿರ ಉಳಿತಾಯ. ಕರೆಂಟ್ ಕಳೆದರೆ 170–180. ಡಬ್ಬಿಗೆ ಎಂಟು ಸಾವಿರ ಕೊಟ್ಟಿದ್ದರೆ ನಾಲ್ಕು ವರ್ಷ ಬೇಕು. ಗ್ಯಾಸ್ ಉಳಿಸಲೆಂದೇ ಕೊಳ್ಳುವುದಾದರೆ ಕೊಳ್ಳಬೇಡಿ. ಗೃಹಜ್ಯೋತಿಯವರ ಲೆಕ್ಕ ಬೇರೆ. ಮನೆಗೆ ನಿಗದಿಯಾದ ಪುಕ್ಕಟೆ ಮಿತಿಯಲ್ಲಿ 20 ಯೂನಿಟ್ ಜಾಗ ಇದ್ದರೆ ಕರೆಂಟ್ ಪುಕ್ಕಟೆ, ಎರಡೂವರೆ ವರ್ಷಕ್ಕೆ ಹಾಕಿದ ದುಡ್ಡು ಬಂತು. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಗೀಸರ್ ಇರುವ ಮನೆಯವರು ಡಿಸೆಂಬರಿನಲ್ಲಿ ಮೀಟರ್ ಮೇಲೆ ಕಣ್ಣಿಡಿ.

ಬಿಡುವಿದ್ದಾಗ ಮಾಡಿ ನೋಡಿದವುಗಳಲ್ಲಿ ಎರಡು ಮೂರು ಗಟ್ಟಿಯಾಗಿ ನಿಂತಿವೆ. ಕುಚ್ಚಲಕ್ಕಿ ಗಂಜಿ: ಒಂದು ಲೋಟಕ್ಕೆ ಐದು ನೀರು, 28 ನಿಮಿಷ, ತಾನಾಗಿ ಇಳಿಯಲಿ. ಒಟ್ಟು ಪಾತ್ರೆಯ ಅರ್ಧಕ್ಕಿಂತ ಮೇಲೆ ತುಂಬಬಾರದು, ನೊರೆ ವಾಲ್ವಿಗೆ ಹೋಗುತ್ತದೆ. ತೆಳಿಯೂ ಬೇರೆ ನಿಲ್ಲುತ್ತದೆ, ಕರಾವಳಿಯವರೇ ಒಪ್ಪಿದ್ದಾರೆ. ಹೋಳಿಗೆಯ ಹೂರಣಕ್ಕೆ ಒಂದು ಗಂಟೆ ನೆನೆದ ಕಡಲೆಬೇಳೆ, ಮೂರರಷ್ಟು ನೀರು, 8 ನಿಮಿಷ. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ನೋಡಲು ಇಡಿಯಾಗಿರಬೇಕು. ಕಟ್ಟು ಬಸಿದ ಮೇಲೆಯೇ ಬೆಲ್ಲ, ಬೇಯದ ಬೇಳೆಗೆ ಬೆಲ್ಲ ಬಿದ್ದರೆ ಮತ್ತೆ ಬೇಯುವುದಿಲ್ಲ. ಹೂರಣ ಅಂಟದ ಹಾಗೆ ಸಾಟೆಯಲ್ಲಿ ಕಾಯಿಸುವ ಒಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇಡ್ಲಿ ಹಿಟ್ಟನ್ನು ಚಳಿಯಲ್ಲಿ ‘ಯೋಗರ್ಟ್’ ಗುಂಡಿಯಲ್ಲಿ ಹುದುಗಿಸಬಹುದು. ಮಡಿಕೇರಿಯವರಿಗೂ ಟೊರಾಂಟೊದವರಿಗೂ ಒಂದೇ ದಾರಿ: 10 ಗಂಟೆ, ಅರ್ಧ ಪಾತ್ರೆಗಿಂತ ಕಡಿಮೆ ಹಿಟ್ಟು, ಮೇಲೆ ಬರೀ ತಟ್ಟೆ. ಯಂತ್ರದ ಮುಚ್ಚಳ ಹಾಕಿದರೆ ಉಬ್ಬಿದ ಹಿಟ್ಟು ಫ್ಲೋಟ್ ಪಿನ್ನನ್ನು ಮೇಲಕ್ಕೆ ತಳ್ಳಿ ಮುಚ್ಚಳ ಲಾಕ್ ಆಗುತ್ತದೆ. ಹಾಗಾದರೆ ಸಣ್ಣ ಕಡ್ಡಿಯಿಂದ ಪಿನ್ ಒತ್ತಿ ಇಳಿಸಿ, ಮುಚ್ಚಳವನ್ನು ಬಲವಂತವಾಗಿ ತಿರುಗಿಸಬೇಡಿ. ಇಡ್ಲಿ ಬೇಯಿಸುವಾಗ ವಾಲ್ವ್ ತೆರೆದಿಟ್ಟು ಒಂದೂವರೆ ಲೋಟ ನೀರು, ಆವಿ ಒಂದೇ ಸಮ ಬರತೊಡಗಿದ ಮೇಲೆ 12 ನಿಮಿಷ. ಒತ್ತಡ ಏರದೆ ಡಬ್ಬಿಯ ಗಡಿಯಾರ ಓಡುವುದಿಲ್ಲ, ಮೊಬೈಲಿನಲ್ಲಿ ಟೈಮರ್ ಇಟ್ಟುಕೊಳ್ಳಿ.

ಗ್ಯಾಸ್ಕೆಟ್ ಎರಡು ಇರಲಿ, ಒಂದು ಹುಳಿ–ಸಾರಿಗೆ, ಒಂದು ಅನ್ನ–ಪಾಯಸಕ್ಕೆ. ಸಿಲಿಕೋನ್ ರಬ್ಬರ್ ಇಂಗು–ಬೆಳ್ಳುಳ್ಳಿ ವಾಸನೆ ಹೀರಿಕೊಂಡರೆ ಬಿಸಿಲಲ್ಲಿ ಒಣಗಿಸಿದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಮಾದರಿಗೆ ಕಂಪನಿಯದು ಐನೂರರ ಹತ್ತಿರ. ಅರ್ಧ ಬೆಲೆಗೆ ಸಿಗುವ ಬದಲಿಗಳು ಕೆಲವು ತಿಂಗಳಲ್ಲಿ ಹಿಗ್ಗಿ, ಮುಚ್ಚಳದ ಅಂಚಿನಲ್ಲಿ ಆವಿ ಸೋರಿ ಒತ್ತಡವೇ ಏರುವುದಿಲ್ಲ. ಫ್ಲೋಟ್ ಪಿನ್ನಿನ ಕೆಳಗಿನ ಕಡಲೆಕಾಳಿನಷ್ಟು ಸಣ್ಣ ರಬ್ಬರ್ ಟೋಪಿ ತೊಳೆಯುವಾಗ ಸಿಂಕಿಗೆ ಹೋಗುವುದೇ ಹೆಚ್ಚು. ಗ್ಯಾಸ್ಕೆಟ್ ಕೊಳ್ಳುವಾಗಲೇ ಅದನ್ನೂ ಎರಡು ತೆಗೆದಿಟ್ಟುಕೊಳ್ಳಿ.